ನೆಲಮಾಳಿಗೆಯ ತೇವ: ಕಿಟಕಿ ತೆರೆದಿಟ್ಟರೂ ಆರುತ್ತಿಲ್ಲ

ಪ್ರಶ್ನೆ: ನಮ್ಮ ನೆಲಮಾಳಿಗೆಯ ಗೋಡೆಗಳ ಕೆಳಭಾಗ ಸದಾ ಒದ್ದೆಯಾಗಿರುತ್ತದೆ, ರಟ್ಟಿನ ಪೆಟ್ಟಿಗೆಗಳ ಅಡಿಯಲ್ಲಿ ಬೂಷ್ಟು ಹಿಡಿದಿದೆ, ಹೈಗ್ರೋಮೀಟರ್ ತೋರಿಸುವ ಆರ್ದ್ರತೆ ಶೇ. 75ಕ್ಕಿಂತ ಕೆಳಗಿಳಿಯುತ್ತಿಲ್ಲ. ಗಾಳಿಯಾಡಲೆಂದು ಹಗಲಿಡೀ ಕಿಟಕಿ ತೆರೆದಿಟ್ಟರೂ ಸೆಕೆಯ ದಿನಗಳಲ್ಲೇ ತೇವ ಹೆಚ್ಚುತ್ತದೆ. ಗೋಡೆಗೆ ಜಲನಿರೋಧಕ ಬಣ್ಣ ಬಳಿಸಬೇಕೇ, ಗಾಳಿಯ ತೇವ ಹೀರುವ ಯಂತ್ರ (ಡಿಹ್ಯೂಮಿಡಿಫೈಯರ್) ಕೊಳ್ಳಬೇಕೇ, ದಯವಿಟ್ಟು ತಿಳಿಸಿ.

ಉತ್ತರ: ಎರಡಕ್ಕೂ ಹಣ ಹಾಕುವ ಮೊದಲು, ನೀರು ಮಣ್ಣಿನಿಂದ ಗೋಡೆಯ ಮೂಲಕ ಒಸರುತ್ತಿದೆಯೇ ಅಥವಾ ಗಾಳಿಯಲ್ಲಿರುವ ತೇವವೇ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುತ್ತಿದೆಯೇ ಎಂಬುದನ್ನು ತಿಳಿದುಕೊಳ್ಳಿ. ಗೋಡೆಯ ಒಂದು ಭಾಗವನ್ನು ಒರೆಸಿ ಒಣಗಿಸಿ, ಸುಮಾರು 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಿಗೆ ಟೇಪ್ ಹಾಕಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಹಿಂಬದಿ ಒದ್ದೆಯಾದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆಯತ್ತ ಇರುವ ಬದಿ ಒದ್ದೆಯಾದರೆ ಅದು ಗಾಳಿಯ ತೇವ.

ಸೆಕೆಯಲ್ಲೇ ಹೆಚ್ಚುತ್ತದೆ ಎಂಬ ನಿಮ್ಮ ಮಾತು ಬಹಳ ಮುಖ್ಯವಾದ ಸುಳಿವು. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದ್ದು ಅದರ ಆರ್ದ್ರತೆ ಶೇ. 70 ಇದ್ದರೆ, ಸುಮಾರು 24 ಡಿಗ್ರಿಗಿಂತ ತಂಪಾದ ಯಾವುದೇ ಮೇಲ್ಮೈಯನ್ನು ತಾಕಿದಾಗ ಅದರಲ್ಲಿನ ತೇವ ನೀರಾಗಿ ಇಳಿಯುತ್ತದೆ, ಮತ್ತು ಮಣ್ಣಿಗೆ ತಾಗಿಕೊಂಡಿರುವ ಗೋಡೆ ಸಾಮಾನ್ಯವಾಗಿ ಅದಕ್ಕಿಂತಲೂ ತಣ್ಣಗಿರುತ್ತದೆ. ಅಂದರೆ ತೆರೆದ ಕಿಟಕಿಯೇ ತೇವವನ್ನು ಒಳಗೆ ತರುತ್ತಿರಬಹುದು. ಹೊರಗಿನ ಗಾಳಿ ತಂಪಾಗಿ ಒಣಗಿರುವಾಗ ಮಾತ್ರ ಕಿಟಕಿ ತೆರೆಯಿರಿ.

ಪ್ರಶ್ನೆ: ತಾವು ಹೇಳಿದಂತೆ ಮಾಡಿದೆ. ಹಾಳೆಯ ಎರಡೂ ಬದಿ ಒದ್ದೆಯಾಗಿದೆ. ಹೊರಗೆ ಅದೇ ಗೋಡೆಯ ಬುಡದಲ್ಲಿ ಚಾವಣಿಯ ನೀರಿನ ಕೊಳವೆ ಇಳಿಯುತ್ತದೆ.

ಉತ್ತರ: ಹಾಗಿದ್ದರೆ ಹೊರಗಿನ ಕೆಲಸವೇ ಮೊದಲು. ಕೊಳವೆಯ ನೀರು ಅಡಿಪಾಯದಿಂದ ಕನಿಷ್ಠ ಒಂದೂವರೆ ಎರಡು ಮೀಟರ್ ದೂರ ಹೋಗಿ ಬೀಳುವಂತೆ ಮಾಡಿ, ಮನೆಯ ಸುತ್ತಲಿನ ನೆಲಕ್ಕೆ ಮೊದಲ ಮೂರು ಮೀಟರಿನಲ್ಲಿ ಸುಮಾರು 15 ಸೆಂ.ಮೀ. ಇಳಿಜಾರು ಕೊಡಿಸಿ. ಒಳಗೋಡೆಯ ಬಣ್ಣವನ್ನು ಈಗ ಮುಟ್ಟಬೇಡಿ. ಹಿಂದಿನಿಂದ ನೀರು ಒತ್ತುತ್ತಿರುವಾಗ ಬಳಿದ ಬಣ್ಣ ಗುಳ್ಳೆಯೆದ್ದು ಕಳಚುತ್ತದೆ, ಅದರಡಿಯಲ್ಲಿ ಬಿಳಿಯ ಉಪ್ಪು ಮೂಡಿ ಗಾರೆಯೂ ಉದುರುತ್ತದೆ.

ಅನಂತರ ಕಿಟಕಿಗಳನ್ನು ಮುಚ್ಚಿ ಡಿಹ್ಯೂಮಿಡಿಫೈಯರ್ ಓಡಿಸಿ, ಆರ್ದ್ರತೆಯನ್ನು ಶೇ. 50ರ ಆಸುಪಾಸಿನಲ್ಲಿ ಇರಿಸಿ. ಕೋಣೆ ತುಂಬ ತಣ್ಣಗಿದ್ದರೆ ಸಾಧಾರಣ ಯಂತ್ರದ ಸುರುಳಿಗಳ ಮೇಲೆ ಹಿಮ ಕಟ್ಟುವುದರಿಂದ, ಕಡಿಮೆ ಉಷ್ಣಾಂಶಕ್ಕೆಂದೇ ತಯಾರಾದದ್ದನ್ನು ಆರಿಸಿ. ಬೂಷ್ಟು ಹಿಡಿದ ರಟ್ಟನ್ನು ಹೊರಹಾಕಿ. ಇಷ್ಟಾದ ಮೇಲೂ ಜೋರು ಮಳೆಯ ಮರುದಿನ ಹಾಳೆಯ ಹಿಂಬದಿ ಒದ್ದೆಯಾಗುತ್ತಿದ್ದರೆ, ಅಡಿಪಾಯದ ಸುತ್ತ ಬಸಿಗಾಲುವೆ ಬೇಕೇ ಎಂಬುದನ್ನು ಅನುಭವಿ ಎಂಜಿನಿಯರರಿಂದ ಸ್ಥಳದಲ್ಲೇ ಪರಿಶೀಲನೆ ಮಾಡಿಸಿ.