ಪದಚರ್ಚೆ: ‘ಅಪ್‌ಡೇಟ್’, ‘ಅಪ್‌ಗ್ರೇಡ್’ ಎರಡಕ್ಕೂ ‘ನವೀಕರಣ’ ಸಾಕೇ?

ಮಾನ್ಯರೇ,

ಕಾಲೇಜು ಗ್ರಂಥಾಲಯಗಳಲ್ಲಿ ಕೋಹಾ ತಂತ್ರಾಂಶವನ್ನು ನೋಡಿಕೊಳ್ಳುವ ಸಿಬ್ಬಂದಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಅದರ ಅನುವಾದ ನನ್ನ ಪಾಲಿಗೆ ಬಂದಿದ್ದು, ಪುಟಗಳು ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾಗಿರುವುದರಿಂದ ತಮ್ಮೆಲ್ಲರ ನೆರವನ್ನು ತುರ್ತಾಗಿ ಕೋರುತ್ತಿದ್ದೇನೆ.

ಗ್ರಂಥಾಲಯದ ವ್ಯವಹಾರಗಳನ್ನು ನೋಡಿಕೊಳ್ಳುವ ಈ ಕೋಹಾ, ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಸರ್ವರಿನ ಮೇಲೆ ನಡೆಯುತ್ತದೆ. ಅದನ್ನು ಕಾಲಕಾಲಕ್ಕೆ ಹೊಸದಾಗಿಸಿಕೊಳ್ಳಲು ‘ಆಪ್ಟ್ ಅಪ್‌ಡೇಟ್’, ‘ಆಪ್ಟ್ ಅಪ್‌ಗ್ರೇಡ್’ ಎಂಬ ಎರಡು ಆದೇಶಗಳನ್ನು ಒಂದರ ಹಿಂದೊಂದು ಕೊಡಬೇಕು. ಕರಡಿನಲ್ಲಿ ಎರಡಕ್ಕೂ ‘ನವೀಕರಿಸಿ’ ಎಂದೇ ಇರುವುದರಿಂದ ವಾಕ್ಯವು ‘ಮೊದಲು ನವೀಕರಿಸಿ, ಅನಂತರ ನವೀಕರಿಸಿ’ ಎಂದಾಗಿದೆ. ಎರಡನೆಯದನ್ನು ‘ಉನ್ನತೀಕರಿಸಿ’ ಎಂದು ಬದಲಿಸಬಹುದೇ? ಹಾಗೆಯೇ ಸರ್ವರಿನಲ್ಲಿ ಕೂರಿಸಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟು ಎಂಬ ಅರ್ಥದ ‘ಪ್ಯಾಕೇಜ್’ ಪದಕ್ಕೆ ‘ಪೊಟ್ಟಣ’ ಎಂದೂ, ಅದನ್ನು ಕಟ್ಟಿ ನೋಡಿಕೊಳ್ಳುವ ‘ಮೇಂಟೇನರ್’ ಪದಕ್ಕೆ ‘ನಿರ್ವಾಹಕ’ ಎಂದೂ ಬಳಸಿದ್ದೇನೆ. ಓದುವವರು ಗ್ರಂಥಪಾಲಕರು ಮತ್ತು ಅವರ ಸಹಾಯಕರು. ಕಂಪ್ಯೂಟರ್ ಶಾಸ್ತ್ರ ಓದಿದವರಲ್ಲ.

ವಂದನೆಗಳೊಂದಿಗೆ,
ಧಾರವಾಡದಿಂದ

* * *

‘ಅಪ್‌ಡೇಟ್’, ‘ಅಪ್‌ಗ್ರೇಡ್’ ಎಂದೇ ಬರೆಯಿರಿ. ಆದೇಶವನ್ನು ಬೆರಳಚ್ಚಿಸುವಾಗ ಹೇಗೂ ಅದೇ ಪದವನ್ನು ಒತ್ತಬೇಕು. ಈ ಪ್ರಶ್ನೆ ಇಲ್ಲಿ ಹಿಂದೆಯೂ ಬಂದಿತ್ತು, ಆಗಲೂ ಯಾವ ತೀರ್ಮಾನಕ್ಕೂ ಬರಲಿಲ್ಲ.

ಬೆಂಗಳೂರಿನಿಂದ

* * *

ಮಾನ್ಯರೇ,

ಮೇಲಿನ ಉತ್ತರವನ್ನು ಉತ್ತರವೆಂದು ಒಪ್ಪಲಾಗದು. ಆದೇಶವನ್ನು ಒತ್ತುವುದು ಬೇರೆ, ಅದು ಏನು ಮಾಡುತ್ತದೆಂದು ಓದುಗನಿಗೆ ತಿಳಿಸುವುದು ಬೇರೆ.

‘ನವೀಕರಣ’ದಲ್ಲಿರುವುದು ಚ್ವಿ ಪ್ರತ್ಯಯ, ಅದರ ಅರ್ಥ ಅಭೂತತದ್ಭಾವ. ಹೊಸದಲ್ಲದ್ದನ್ನು ಹೊಸದಾಗಿಸುವುದು ನವೀಕರಣ, ಎತ್ತರದಲ್ಲಿಲ್ಲದ್ದನ್ನು ಎತ್ತರಿಸುವುದು ಉನ್ನತೀಕರಣ. ಎರಡು ಕ್ರಿಯೆಗಳಿಗೆ ಎರಡು ಪದಗಳು ಸಿದ್ಧವಾಗಿಯೇ ಇವೆ, ಗೊಂದಲಕ್ಕೆ ಕಾರಣವಿಲ್ಲ. ಕೆಲವರು ಇಂಥಲ್ಲಿ ‘ಪರಿಷ್ಕರಣೆ’ಯನ್ನು ಸೂಚಿಸಬಹುದೆಂದು ಮೊದಲೇ ಹೇಳಿಬಿಡುತ್ತೇನೆ: ‘ಪರಿ’ ಉಪಸರ್ಗದ ಮುಂದಿನ ಕೃ ಧಾತುವಿಗೆ ಸುಟ್ ಆಗಮವನ್ನು, ಎಂದರೆ ನಡುವೆ ಬರುವ ಸಕಾರವನ್ನು, ವಿಧಿಸಿರುವುದು ಭೂಷಣಾರ್ಥದಲ್ಲಿ. ಸರ್ವರನ್ನು ಯಾರೂ ಅಲಂಕರಿಸುತ್ತಿಲ್ಲ.

‘ಪೊಟ್ಟಣನಿರ್ವಾಹಕ’ ಎಂದು ಜೋಡಿಸಿದರೆ ಅದು ಅರಿಸಮಾಸ, ಎಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ, ವ್ಯಾಕರಣ ಒಪ್ಪದ ಸಮಾಸ. ಹಳಗನ್ನಡದ ವೈಯಾಕರಣ ಕೇಶಿರಾಜನು ಬಿರುದಾವಳಿಗಳಿಗೂ ಪೂರ್ವಕವಿಗಳ ಪ್ರಯೋಗಗಳಿಗೂ ಕೊಟ್ಟ ವಿನಾಯಿತಿಯು ಸರ್ವರಿನ ಕೈಪಿಡಿಗೆ ದೊರೆಯುವುದಿಲ್ಲ.

ಮೈಸೂರಿನಿಂದ

* * *

ಮಾನ್ಯ ಧಾರವಾಡದವರೇ, ಮೈಸೂರಿನ ಹಿರಿಯರೇ,

ನಾನು ಡೆಬಿಯನ್ ಮತ್ತು ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯಾದ ಫ್ರೀಬಿಎಸ್‌ಡಿ ಸರ್ವರುಗಳನ್ನು ನಡೆಸುವ ಕೆಲಸದಲ್ಲಿರುವವನು. ಪ್ಯಾಕೇಜು ಕಟ್ಟುವ ಕೆಲಸವೂ ನನ್ನ ಕೈಗೆ ಬರುತ್ತಿರುತ್ತದೆ. ವ್ಯುತ್ಪತ್ತಿಯ ವಿಷಯದಲ್ಲಿ ಹಿರಿಯರ ಮಾತಿಗೆ ಎದುರಾಡುವುದಿಲ್ಲ. ಆದರೆ ಇಲ್ಲಿ ಯಾವ ಕ್ರಿಯೆ ನಡೆಯುತ್ತದೆ ಎಂಬುದನ್ನು ನೋಡದೆ ಪದವನ್ನು ಆರಿಸಿದರೆ, ವ್ಯಾಕರಣಶುದ್ಧವಾದ ಪದವೇ ಗ್ರಂಥಪಾಲಕರ ದಾರಿ ತಪ್ಪಿಸುತ್ತದೆ.

‘ಆಪ್ಟ್ ಅಪ್‌ಡೇಟ್’ ಎಂಬ ಆದೇಶವು ಸರ್ವರಿನಲ್ಲಿರುವ ಒಂದು ತಂತ್ರಾಂಶವನ್ನೂ ಮುಟ್ಟುವುದಿಲ್ಲ. ಪ್ಯಾಕೇಜುಗಳನ್ನು ಇಟ್ಟಿರುವ ಅಂತರ್ಜಾಲದ ಭಂಡಾರದಲ್ಲಿ ಈಗ ಯಾವ ಪ್ಯಾಕೇಜಿನ ಯಾವ ಆವೃತ್ತಿ ಇದೆ ಎಂಬ ಪಟ್ಟಿಯನ್ನು ಮಾತ್ರ ತಂದಿಡುತ್ತದೆ. ಆ ಪಟ್ಟಿಯ ಪ್ರಕಾರ ಹೊಸ ಪ್ಯಾಕೇಜುಗಳನ್ನು ಇಳಿಸಿಕೊಂಡು ಹಳೆಯವುಗಳ ಜಾಗದಲ್ಲಿ ಕೂರಿಸುವುದು ‘ಆಪ್ಟ್ ಅಪ್‌ಗ್ರೇಡ್’. ಫ್ರೀಬಿಎಸ್‌ಡಿಯ ‘ಪಿಕೆಜಿ’ ಎಂಬ ಇಂಥದೇ ಸಾಧನದಲ್ಲಿಯೂ ಈ ಎರಡು ಪದಗಳಿಗೆ ಇದೇ ವಿಂಗಡಣೆ ಇದೆ. ಆದರೆ ಫೆಡೋರಾ ಮತ್ತು ರೆಡ್ ಹ್ಯಾಟ್ ಎಂಬ ಲಿನಕ್ಸ್ ವ್ಯವಸ್ಥೆಗಳ ಬಳಗದ ‘ಡಿಎನ್‌ಎಫ್’ನಲ್ಲಿ ‘ಅಪ್‌ಡೇಟ್’ ಎಂಬುದು ‘ಅಪ್‌ಗ್ರೇಡ್’ನ ಇನ್ನೊಂದು ಹೆಸರಷ್ಟೇ, ಅಲ್ಲಿ ‘ಅಪ್‌ಡೇಟ್’ ಎಂದರೂ ತಂತ್ರಾಂಶವೇ ಬದಲಾಗುತ್ತದೆ. ಮೂಲ ಭಾಷೆಯಲ್ಲಿಯೇ ಒಂದು ಪದ ಎರಡು ಮನೆಗಳಲ್ಲಿ ಎರಡು ಅರ್ಥ ಪಡೆದಿರುವಾಗ, ಬೆಂಗಳೂರಿನ ಮಿತ್ರರು ಹೇಳಿದಂತೆ ಅದನ್ನು ಹಾಗೆಯೇ ಇಳಿಸಿಬಿಟ್ಟರೆ ಓದುಗನಿಗೆ ಆ ಗೊಂದಲವನ್ನೂ ದಾಟಿಸಿದಂತಾಗುತ್ತದೆ. ಆದ್ದರಿಂದ ಮೊದಲನೆಯದಕ್ಕೆ ‘ಪ್ಯಾಕೇಜು ಪಟ್ಟಿಯನ್ನು ಹೊಸದಾಗಿ ತರಿಸಿಕೊಳ್ಳಿ’ ಎಂದು ಬರೆಯಿರಿ. ಉದ್ದವಾಯಿತೆಂದು ಹೆದರಬೇಕಿಲ್ಲ, ಕೈಪಿಡಿಯಲ್ಲಿ ಅದು ಒಂದೆರಡು ಕಡೆ ಬರುತ್ತದೆ.

ಈಗ ‘ಉನ್ನತೀಕರಣ’ಕ್ಕೆ ಬರುತ್ತೇನೆ, ನನ್ನ ನಿಜವಾದ ತಕರಾರು ಇರುವುದು ಇದರ ಮೇಲೆ. ಕನ್ನಡದಲ್ಲಿ ಉನ್ನತೀಕರಿಸಿದ ಶಾಲೆ ಎಂದರೆ ತರಗತಿಗಳು ಹೆಚ್ಚಿದ ಶಾಲೆ. ಇದ್ದದ್ದಕ್ಕಿಂತ ಮೇಲಿನ ದರ್ಜೆಗೆ ಹೋಗಿದೆ ಎಂಬ ಅರ್ಥ ಅದರಲ್ಲಿ ಗಟ್ಟಿಯಾಗಿ ಕೂತಿದೆ. ಡೆಬಿಯನ್ನಿನ ಸ್ಥಿರ ಬಿಡುಗಡೆಯಲ್ಲಿ, ಎಂದರೆ ಪರೀಕ್ಷೆ ಮುಗಿಸಿ ಎಲ್ಲರ ಬಳಕೆಗೆ ಕೊಟ್ಟದ್ದರಲ್ಲಿ, ದಿನನಿತ್ಯ ನಡೆಯುವುದು ಅದಲ್ಲವೇ ಅಲ್ಲ. 2014ರ ಏಪ್ರಿಲ್‌ನಲ್ಲಿ, ಜಾಲದ ಸಂಪರ್ಕವನ್ನು ಗುಪ್ತಲಿಪಿಯಿಂದ ಕಾಯುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಹೊರಬಿದ್ದಾಗ, ಮೂಲ ಯೋಜನೆಯವರು ಅದನ್ನು ಸರಿಪಡಿಸಿ 1.0.1ಜಿ ಎಂಬ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಡೆಬಿಯನ್ 7ರಲ್ಲಿ ಇದ್ದದ್ದು 1.0.1ಇ. ಅವರು ಜಿ ಆವೃತ್ತಿಗೆ ಹೋಗಲಿಲ್ಲ. ಆ ಒಂದು ತಿದ್ದುಪಡಿಯನ್ನಷ್ಟೇ ಹಿಂದಕ್ಕೆ ತಂದು ಇ ಆವೃತ್ತಿಗೇ ಹಚ್ಚಿ, 1.0.1ಇ-2+ಡೆಬ್7ಯು5 ಎಂಬ ಪ್ಯಾಕೇಜನ್ನು ಕೊಟ್ಟರು. ಬಾಲದಲ್ಲಿರುವ ‘ಯು5’ ಮಾತ್ರ ಬೆಳೆದಿದೆ, ಉಳಿದದ್ದು ಇದ್ದಲ್ಲಿಯೇ ಇದೆ. ಸ್ಥಿರ ಬಿಡುಗಡೆಯನ್ನು ನೆಚ್ಚಿಕೊಂಡವರಿಗೆ ಬೇಕಾದದ್ದೂ ಇದೇ: ತೂತು ಮುಚ್ಚಬೇಕು, ನಡವಳಿಕೆ ಬದಲಾಗಬಾರದು. ಗ್ರಂಥಪಾಲಕರಿಗೆ ಅವರದೇ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಇದು ಪರಿಷ್ಕೃತ ಮುದ್ರಣವಲ್ಲ, ಹಳೆಯ ಮುದ್ರಣಕ್ಕೇ ಅಂಟಿಸಿದ ತಪ್ಪು-ಒಪ್ಪುಗಳ ಪಟ್ಟಿ. ಇದನ್ನು ಉನ್ನತೀಕರಣವೆಂದು ಕರೆದರೆ, ಪರದೆಯ ಮೇಲೆ ಹಳೆಯ ಸಂಖ್ಯೆಯನ್ನೇ ಕಂಡವರು ಕೆಲಸ ಆಗಿಲ್ಲವೆಂದು ತಿಳಿದು, ಎಲ್ಲಿಂದಲೋ ಹೊಸ ಆವೃತ್ತಿಯನ್ನು ತಂದು ಕೂರಿಸಲು ಹೊರಡುತ್ತಾರೆ. ಹಾಗೆ ಮಾಡಿ ಸರ್ವರನ್ನು ಕೆಡಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಇದಕ್ಕಿಂತ ಬಲವಾದ ನಿದರ್ಶನವೂ ಇದೆ. 2024ರ ಮಾರ್ಚ್ ಕೊನೆಯಲ್ಲಿ ‘ಎಕ್ಸ್‌ಜೆಡ್’ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಹಿಂಬಾಗಿಲೊಂದನ್ನು ಹುದುಗಿಸಿದ್ದು ಬಯಲಾಯಿತು. ಡೆಬಿಯನ್ನಿನ ಸ್ಥಿರ ಬಿಡುಗಡೆಗೆ ಅದು ತಲುಪಿರಲಿಲ್ಲ. ಪರೀಕ್ಷಾ ಶಾಖೆಗೂ ಅಸ್ಥಿರ ಶಾಖೆಗೂ ತಲುಪಿತ್ತು. ಹಳೆಯ 5.4.5ಕ್ಕೆ ಹಿಂತಿರುಗಬೇಕಾಗಿತ್ತು, ಆದರೆ ಸಂಖ್ಯೆ ಇಳಿದರೆ ‘ಅಪ್‌ಗ್ರೇಡ್’ ಆದೇಶ ಅದನ್ನು ಎತ್ತಿಕೊಳ್ಳುವುದಿಲ್ಲ. ಆದ್ದರಿಂದ ಅವರು ಪ್ಯಾಕೇಜಿಗೆ ‘5.6.1+ರಿಯಲಿ5.4.5-1’ ಎಂಬ ಆವೃತ್ತಿಸಂಖ್ಯೆ ಕೊಟ್ಟರು. ಸಂಖ್ಯೆ ಮೇಲೆ ಹೋಯಿತು, ಒಳಗಿನ ತಂತ್ರಾಂಶ ಕೆಳಗೆ ಬಂದಿತು, ಸರ್ವರು ಸುರಕ್ಷಿತವಾಯಿತು. ಇಲ್ಲಿ ಯಾವುದು ಉನ್ನತವಾಯಿತೆಂದು ಹೇಳೋಣ? ಅಭೂತತದ್ಭಾವದ ಸೂತ್ರವನ್ನು ಹಿಡಿದರೆ ಪದ ಸುಳ್ಳಾಗುತ್ತದೆ. ‘ನವೀಕರಣ’ ಇಂಥಲ್ಲಿ ತಾಳುತ್ತದೆ, ಏಕೆಂದರೆ ಪರವಾನಗಿಯ ನವೀಕರಣದಲ್ಲಿ ಪರವಾನಗಿ ಮೇಲೇರುವುದಿಲ್ಲ, ಮತ್ತೆ ಚಲಾವಣೆಗೆ ಯೋಗ್ಯವಾಗುತ್ತದೆ. ಆ ಅರ್ಥ ನಮ್ಮ ಕಚೇರಿಗಳಲ್ಲಿ ಎಂದಿನಿಂದಲೋ ಬಳಕೆಯಲ್ಲಿದೆ. ಎರಡನೆಯ ಆದೇಶಕ್ಕೆ ‘ನವೀಕರಿಸಿ’ ಎಂಬುದನ್ನೇ ಉಳಿಸಿಕೊಳ್ಳಿ.

‘ಉನ್ನತೀಕರಣ’ವನ್ನು ನಿಜವಾಗಿ ಬಳಸಬಹುದಾದ ಸ್ಥಳ ಒಂದಿದೆ: ಡೆಬಿಯನ್ 12ರಿಂದ 13ಕ್ಕೆ ಹೋಗುವುದು, ಅಥವಾ ಕೋಹಾದ ಮೇ ತಿಂಗಳ ಬಿಡುಗಡೆಯಿಂದ ನವೆಂಬರಿನ ಬಿಡುಗಡೆಗೆ ಹೋಗುವುದು. ಅಲ್ಲಿಯೂ ನಾನು ‘ಬಿಡುಗಡೆ ಬದಲಾವಣೆ’ ಎನ್ನುವುದನ್ನೇ ಮೆಚ್ಚುತ್ತೇನೆ, ಏಕೆಂದರೆ ಓದುವವರು ಎಚ್ಚರಗೊಳ್ಳಬೇಕು. ಕೋಹಾ ಪ್ಯಾಕೇಜು ಹೊಸ ಆವೃತ್ತಿಗೆ ಬಂದಾಗ ದತ್ತಸಂಚಯದ ರಚನೆಯನ್ನೂ ಬದಲಿಸುತ್ತದೆ. ಪ್ಯಾಕೇಜನ್ನು ಹಿಂದಕ್ಕೆ ತಂದ ಮಾತ್ರಕ್ಕೆ ದತ್ತಸಂಚಯ ಹಿಂದಕ್ಕೆ ಬರುವುದಿಲ್ಲ. ‘ಮೊದಲು ಕೋಹಾ-ಡಂಪ್ ಆದೇಶದಿಂದ ಪ್ರತಿ ತೆಗೆದಿಡಿ’ ಎಂಬ ಸಾಲು ತಮ್ಮ ಕರಡಿನಲ್ಲಿ ಇಲ್ಲವಾದರೆ, ಪದಗಳ ಚಿಂತೆಗಿಂತ ಮೊದಲು ಅದನ್ನು ಸೇರಿಸಿ.

‘ಪೊಟ್ಟಣ’ ಬೇಡ. ಪೊಟ್ಟಣವೆಂದರೆ ಕಡಲೆಕಾಯಿಗೆ ಸುತ್ತಿದ ಕಾಗದ. ಒಳಗಿನದಕ್ಕೂ ಸುತ್ತಿದ್ದಕ್ಕೂ ಸಂಬಂಧವಿಲ್ಲ. ಡೆಬಿಯನ್ ಪ್ಯಾಕೇಜಿನಲ್ಲಿ ಕಡತಗಳ ಜೊತೆಗೆ ನಿಯಂತ್ರಣ ಮಾಹಿತಿಯೂ ಇರುತ್ತದೆ: ಯಾವುದನ್ನು ಅವಲಂಬಿಸಿದೆ, ಯಾವುದರೊಂದಿಗೆ ಹೊಂದುವುದಿಲ್ಲ, ಕೂರಿಸುವ ಮೊದಲು ಮತ್ತು ಅನಂತರ ಯಾವ ಕಿರುಕ್ರಮಗಳು ಓಡಬೇಕು ಎಂಬುದೆಲ್ಲ ಅದರಲ್ಲಿದೆ. ಆ ಕಿರುಕ್ರಮಗಳು ಸರ್ವರಿನ ಮೇಲಿನ ಪೂರ್ಣ ಅಧಿಕಾರದಿಂದಲೇ ಓಡುತ್ತವೆ. ಕಟ್ಟುವವರು ಮೂಲಸಂಕೇತವನ್ನು ತಿದ್ದುವುದೂ ಉಂಟು. 2006ರಲ್ಲಿ ಡೆಬಿಯನ್ನಿನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಮಾಡಿದ ಒಂದು ಸಣ್ಣ ತಿದ್ದುಪಡಿಯಿಂದ ಅದು ತಯಾರಿಸುವ ಗುಪ್ತ ಕೀಲಿಗಳು ಊಹಿಸಬಹುದಾದಷ್ಟು ದುರ್ಬಲವಾದವು, 2008ರ ಮೇ ತಿಂಗಳವರೆಗೆ ಅದು ಹೊರಬೀಳಲಿಲ್ಲ. ಮೂಲ ಯೋಜನೆಯ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಆ ದೋಷ ಇರಲೇ ಇಲ್ಲ. ಇಷ್ಟು ಹೊಣೆ ಇರುವ ಕೆಲಸಕ್ಕೆ ‘ಪೊಟ್ಟಣ ಕಟ್ಟುವುದು’ ಎಂಬ ಹೆಸರು ಹಗುರವಾಯಿತು. ‘ಪ್ಯಾಕೇಜು’ ಎಂದು ಉಕಾರಾಂತವಾಗಿಸಿ ಬರೆಯಿರಿ. ‘ಪ್ಯಾಕೇಜನ್ನು’, ‘ಪ್ಯಾಕೇಜಿನಿಂದ’, ‘ಪ್ಯಾಕೇಜುಗಳು’ ಎಂದು ಅದು ನಮ್ಮ ವಿಭಕ್ತಿಗಳನ್ನು ತೊಟ್ಟುಕೊಳ್ಳುತ್ತದೆ.

‘ನಿರ್ವಾಹಕ’ ಎಂದರೆ ಓದುಗರ ಮನಸ್ಸಿಗೆ ಮೊದಲು ಬರುವುದು ಬಸ್ಸಿನ ನಿರ್ವಾಹಕ. ಮೇಲಾಗಿ ಸರ್ವರ್ ನೋಡಿಕೊಳ್ಳುವವರನ್ನೂ ನಿರ್ವಾಹಕರೆಂದೇ ಕರೆಯುವುದರಿಂದ ಎರಡು ಪಾತ್ರಗಳು ಬೆರೆತುಹೋಗುತ್ತವೆ. ‘ಪ್ಯಾಕೇಜಿನ ಉಸ್ತುವಾರಿ ಹೊತ್ತವರು’ ಎನ್ನಿ, ಪಟ್ಟಿಗಳಲ್ಲಿ ‘ಪ್ಯಾಕೇಜು ಉಸ್ತುವಾರಿ’ ಎಂದು ಚಿಕ್ಕದಾಗಿಸಿ.

ಶಿವಮೊಗ್ಗದಿಂದ

* * *

ಮಾನ್ಯರೇ,

ಶಿವಮೊಗ್ಗದವರ ತಾಂತ್ರಿಕ ವಿವರಣೆ ಉಪಯುಕ್ತವಾಗಿದೆ, ಆದರೆ ತೀರ್ಮಾನಗಳು ಒಪ್ಪತಕ್ಕವಲ್ಲ. ‘ಪ್ಯಾಕೇಜು’ ಇಂಗ್ಲಿಷು, ‘ನವೀಕರಣ’ ಸಂಸ್ಕೃತ, ‘ಉಸ್ತುವಾರಿ’ ಪಾರಸಿ. ಕನ್ನಡದ ಕೈಪಿಡಿಯಲ್ಲಿ ಕನ್ನಡಕ್ಕೆ ಉಳಿದದ್ದು ವಿಭಕ್ತಿ ಪ್ರತ್ಯಯಗಳು ಮಾತ್ರ. ಪೊಟ್ಟಣವನ್ನು ಹಗುರವೆಂದು ತಳ್ಳಿಹಾಕುವವರು, ಇಂಗ್ಲಿಷಿನ ಆ ಪದವೂ ಅಂಗಡಿಯಿಂದಲೇ ಬಂದದ್ದೆಂಬುದನ್ನು ಮರೆಯಬಾರದು. ಬಳಸುತ್ತ ಹೋದರೆ ಪದಕ್ಕೆ ತೂಕ ಬರುತ್ತದೆ. ಬಳಸುವ ಮೊದಲೇ ತೂಗಿ ನೋಡಿದರೆ ಯಾವ ಕನ್ನಡ ಪದವೂ ತೇರ್ಗಡೆಯಾಗುವುದಿಲ್ಲ.

ಮಂಗಳೂರಿನಿಂದ

* * *

ಮಾನ್ಯ ಮಂಗಳೂರಿನವರೇ,

ಬಳಸುತ್ತ ಹೋದರೆ ಪದಕ್ಕೆ ತೂಕ ಬರುತ್ತದೆಂಬ ತಮ್ಮ ಮಾತು ಸತ್ಯ, ಮತ್ತು ಅದು ‘ಪ್ಯಾಕೇಜು’ ಪದಕ್ಕೂ ಸಲ್ಲುತ್ತದೆ. ‘ಉಸ್ತುವಾರಿ’ಯ ಮೂಲ ಪಾರಸಿಯೆಂಬುದು ಸರಿ, ಆದರೆ ಜಾತ್ರೆಯ ಉಸ್ತುವಾರಿಯಿಂದ ಜಿಲ್ಲಾ ಉಸ್ತುವಾರಿ ಸಚಿವರವರೆಗೆ ಅದು ಕನ್ನಡಿಗರ ಬಾಯಲ್ಲಿ ಪಳಗಿರುವಾಗ ಹೊರಗಿನದೆಂದು ಎಣಿಸುವುದು ನ್ಯಾಯವಲ್ಲ. ಪೊಟ್ಟಣದ ವಿಷಯದಲ್ಲಿಯೂ, ತಮಿಳಿನ ‘ಪೊಟ್ಟಲಂ’, ಹಿಂದಿಯ ‘ಪೋಟಲಿ’ ಎರಡೂ ಅದರ ನೆಂಟರಂತೆ ಕಾಣುವಾಗ, ಅದು ಯಾವ ಮನೆಯದೆಂಬ ವಾದಕ್ಕೆ ಇಂದು ರಾತ್ರಿ ಸಮಯವಿಲ್ಲ. ‘ಕೋಹಾ’ ಎಂಬುದೇ ನ್ಯೂಜಿಲೆಂಡಿನ ಮಾವೋರಿ ಜನರ ಪದ, ಕಾಣಿಕೆ ಎಂಬ ಅರ್ಥದ್ದು. ಆ ತಂತ್ರಾಂಶ 2000ದ ಜನವರಿಯಲ್ಲಿ ಅಲ್ಲಿನ ಒಂದು ಗ್ರಂಥಾಲಯದಲ್ಲಿ ಮೊದಲು ಬಳಕೆಗೆ ಬಂದಿತು. ಅದನ್ನು ಕನ್ನಡಿಸಬೇಕೆಂದು ಇಲ್ಲಿ ಯಾರೂ ಕೇಳಲಿಲ್ಲ.

ಅಚ್ಚ ಕನ್ನಡ ಸಲೀಸಾಗಿ ಹೊಂದುವಲ್ಲಿ ನಾನೂ ಅದನ್ನೇ ಹಿಡಿಯುತ್ತೇನೆ. ಭದ್ರತಾ ದೋಷಕ್ಕೆ ಹಚ್ಚುವ ‘ಪ್ಯಾಚ್’ಗೆ ‘ತೇಪೆ’ ಎನ್ನಬಹುದು. ಹರಿದ ಜಾಗಕ್ಕಷ್ಟೇ ಹಾಕಿ ಉಳಿದದ್ದನ್ನು ಮುಟ್ಟದಿರುವುದು ಅದರ ಅರ್ಥದಲ್ಲಿಯೇ ಇದೆ. ಡೆಬಿಯನ್ ಭದ್ರತಾ ತಂಡದವರು ಮಾಡುವ ಕೆಲಸ ಅದೇ ತಾನೇ.

ಧಾರವಾಡದವರೇ, ಅಚ್ಚಿಗೆ ಕೊಡುವ ಮೊದಲು ಇನ್ನೊಂದು ವಾಕ್ಯವನ್ನು ನೋಡಿ. ‘ನವೀಕರಣ ಮುಗಿಯಿತು’ ಎಂದು ಎಲ್ಲಿಯೂ ನಿಲ್ಲಿಸಬೇಡಿ. ಓಪನ್‌ಎಸ್‌ಎಸ್‌ಎಲ್‌ನಂಥ ಹಲವು ಸೇವೆಗಳು ಹಂಚಿಕೊಂಡು ಬಳಸುವ ತಂತ್ರಾಂಶವು ಡಿಸ್ಕಿನಲ್ಲಿ ಬದಲಾದರೂ, ಈಗಾಗಲೇ ಓಡುತ್ತಿರುವ ಅಪಾಚೆ ಎಂಬ ಜಾಲಪುಟಗಳ ಸೇವೆ ತನ್ನ ನೆನಪಿನಲ್ಲಿರುವ ಹಳೆಯದನ್ನೇ ಬಳಸುತ್ತಿರುತ್ತದೆ. ಆ ಸೇವೆಯನ್ನು ನಿಲ್ಲಿಸಿ ಮತ್ತೆ ಶುರುಮಾಡುವವರೆಗೆ ತೇಪೆ ಬಿದ್ದಂತಲ್ಲ. ಹಾಗೆಯೇ ನಡುವೆ ಸಂರಚನಾ ಕಡತದ, ಎಂದರೆ ತಂತ್ರಾಂಶ ಹೇಗೆ ನಡೆಯಬೇಕೆಂದು ಬರೆದಿಟ್ಟ ಕಡತದ, ಬಗ್ಗೆ ಪ್ರಶ್ನೆ ಬಂದರೆ, ಅದು ಗ್ರಂಥಾಲಯದವರೇ ತಿದ್ದಿಕೊಂಡಿರುವ ಕಡತ. ಏನೂ ಆರಿಸದೆ ಎಂಟರ್ ಒತ್ತಿದರೆ ಅವರದೇ ಉಳಿಯುತ್ತದೆ, ಹೊಸದು ಪಕ್ಕದಲ್ಲಿ ಬೇರೆ ಹೆಸರಿನಲ್ಲಿ ಕೂರುತ್ತದೆ ಎಂದು ತಿಳಿಸಿ. ಆ ಭಾಗ ಹೀಗಿರಲಿ:

‘ಮೊದಲು ಕೋಹಾ-ಡಂಪ್ ಆದೇಶದಿಂದ ಪ್ರತಿ ತೆಗೆದಿಡಿ. ಪ್ಯಾಕೇಜು ಪಟ್ಟಿಯನ್ನು ಹೊಸದಾಗಿ ತರಿಸಿಕೊಳ್ಳಿ. ಪ್ಯಾಕೇಜುಗಳನ್ನು ನವೀಕರಿಸಿ. ಸಂರಚನಾ ಕಡತದ ಪ್ರಶ್ನೆ ಬಂದರೆ ನಿಮ್ಮದನ್ನೇ ಉಳಿಸಿಕೊಂಡು, ಎರಡನ್ನೂ ಅನಂತರ ಹೋಲಿಸಿ ನೋಡಿ. ಕೊನೆಗೆ ಸೇವೆಗಳನ್ನು ನಿಲ್ಲಿಸಿ ಮತ್ತೆ ಶುರುಮಾಡಿ.’

ಶಿವಮೊಗ್ಗದಿಂದ

* * *

ಮಾನ್ಯರೇ,

ಪ್ರತಿ ತೆಗೆದಿಡುವ ಸಾಲು ಕರಡಿನಲ್ಲಿ ಇರಲಿಲ್ಲ, ಈಗ ಸೇರಿಸಿದ್ದೇನೆ. ‘ಪ್ಯಾಕೇಜು’, ‘ನವೀಕರಿಸಿ’, ‘ತೇಪೆ’, ‘ಉಸ್ತುವಾರಿ’ ಇವೇ ಅಚ್ಚಿಗೆ ಹೋಗುತ್ತಿವೆ. ‘ಉನ್ನತೀಕರಣ’ವನ್ನು ಎಲ್ಲ ಕಡೆಯಿಂದಲೂ ತೆಗೆದಿದ್ದೇನೆ.

ಧಾರವಾಡದಿಂದ