ಸೆಕೆಂಡ್ ಹ್ಯಾಂಡ್ ನಿಂಜಾ 1000 ಕೊಳ್ಳುವ ಮುನ್ನ, ಕೊಂಡ ಮೇಲೆ: ಪ್ರಶ್ನೋತ್ತರ

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ನಮಸ್ಕಾರ. ಸದ್ಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಓಡಿಸುತ್ತಿದ್ದೇನೆ. ಬೆಂಗಳೂರಿನಲ್ಲಿ 2018ರ ಕವಾಸಾಕಿ ನಿಂಜಾ 1000 ಮಾರಾಟಕ್ಕಿದೆ. ಎರಡನೇ ಮಾಲೀಕರದ್ದು, ಮೀಟರ್‌ನಲ್ಲಿ 11 ಸಾವಿರ ಕಿ.ಮೀ. ಇದೆ. ಫೋಟೊದಲ್ಲಿ ಹೊಸದರಂತೆ ಕಾಣುತ್ತದೆ. ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು? ನನ್ನ ಎತ್ತರ 5 ಅಡಿ 7 ಇಂಚು. ಮನೆಯವರೂ ಹಿಂದೆ ಕೂರುತ್ತಾರೆ. ಇಷ್ಟು ದೊಡ್ಡ ಬೈಕಿಗೆ ಒಗ್ಗಿಕೊಳ್ಳುವುದು ಹೇಗೆ?

ಉತ್ತರ (ಮೆಕ್ಯಾನಿಕ್): 11 ಸಾವಿರ ಅಂದ ಕೂಡಲೇ ಖುಷಿಪಡಬೇಡಿ ಸರ್. ನಮ್ಮಲ್ಲಿ ದೊಡ್ಡ ಬೈಕುಗಳು ಓಡಿ ಹಾಳಾಗುವುದಕ್ಕಿಂತ ನಿಂತು ಹಾಳಾಗುವುದೇ ಹೆಚ್ಚು. ಪ್ರತಿ ವರ್ಷ ಸರ್ವಿಸ್ ಕಂಡ 35 ಸಾವಿರದ ಗಾಡಿ, ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ಮಲಗಿದ್ದ 11 ಸಾವಿರದ ಗಾಡಿಗಿಂತ ಎಷ್ಟೋ ವಾಸಿ. ನಿಂತ ಗಾಡಿಯಲ್ಲಿ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ಬಿಗಿಯುತ್ತದೆ, ಫೋರ್ಕ್ (ಮುಂದಿನ ಸಸ್ಪೆನ್ಷನ್) ಸೀಲ್ ಒಣಗುತ್ತದೆ, ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ, ಟೈರ್ ಗಟ್ಟಿಯಾಗುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು ಸರ್ವಿಸ್ ಬಿಲ್‌ಗಳನ್ನು. ಬಿಲ್‌ಗಳಲ್ಲಿ ದಿನಾಂಕ, ಕಿಲೋಮೀಟರ್ ಎರಡೂ ಇರುತ್ತವೆ, ಅವು ಏರುತ್ತಾ ಬಂದಿವೆಯೇ ನೋಡಿ. ಚಾಸಿಸ್ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೂ ವಿಚಾರಿಸಿ, ರೀಕಾಲ್ ಕೆಲಸ (ಕಂಪನಿಯೇ ಗಾಡಿ ವಾಪಸ್ ಕರೆಸಿ ಮಾಡುವ ದೋಷ ರಿಪೇರಿ) ಬಾಕಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಹೋಗುವ ಮುನ್ನ ಮಾಲೀಕರಿಗೆ ಒಂದು ಮಾತು ಹೇಳಿ: ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ. ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿ ಎಂಜಿನ್ ತನ್ನ ಕಾಯಿಲೆ ಮುಚ್ಚಿಡುತ್ತದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಒಂದೆರಡು ಸೆಕೆಂಡ್ ಟಕಟಕ ಸದ್ದು ಬಂದು ನಿಲ್ಲುವುದು ಸರಿ. ಬಿಸಿಯಾದ ಮೇಲೂ ಎಂಜಿನ್ನಿನ ಬಲಬದಿಯಿಂದ ಸರಪಳಿ ಅಲುಗಾಡಿದ ಹಾಗೆ ಕೇಳಿದರೆ ಎಂಜಿನ್ನಿನೊಳಗಿನ ಸರಪಳಿಯನ್ನು ಬಿಗಿಯಾಗಿಡುವ ಕ್ಯಾಮ್ ಚೈನ್ ಟೆನ್ಷನರ್ ಮೇಲೆ ಅನುಮಾನ ಪಡಬೇಕು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಅಲ್ಲಿಗೆ ಮಾತು ಮುಗಿಸಿ ವಾಪಸ್ ಬನ್ನಿ.

ಬಿದ್ದ ಗಾಡಿಯೋ ಅಲ್ಲವೋ ಎಂಬುದು ಪೇಂಟ್‌ನಲ್ಲಿ ಗೊತ್ತಾಗುವುದಿಲ್ಲ. ಫೇರಿಂಗ್ (ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ) ಹೊಸದು ಹಾಕಿಸಬಹುದು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಎಲ್ಲಿ ತಾಗಿ ನಿಲ್ಲುತ್ತದೋ ಆ ಸ್ಟಾಪರ್‌ಗಳನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ಲೋಹ ಜಜ್ಜಿದ್ದರೆ, ಬಿರುಕು ಬಿಟ್ಟಿದ್ದರೆ ಮುಂದಿನಿಂದ ಜೋರಾಗಿ ಗುದ್ದಿರುವ ಗಾಡಿ. ಇದರದ್ದು ಅಲ್ಯೂಮಿನಿಯಂ ಫ್ರೇಮ್, ಬೀದಿ ಬದಿಯಲ್ಲಿ ಬೆಸುಗೆ ಹಾಕಿ ಸರಿಮಾಡುವ ವಸ್ತುವಲ್ಲ. ಜೊತೆಗೆ ಫೇರಿಂಗಿನ ಒಳಗಿನ ಕ್ಲಿಪ್‌ಗಳು, ಲಿವರ್‌ನ ತುದಿ, ಹ್ಯಾಂಡಲ್ ತುದಿಯ ತೂಕ, ಎಂಜಿನ್ ಕವರ್‌ನ ಕೆಳಭಾಗ ನೋಡಿ. ನಿಂತಲ್ಲೇ ಬೀಳಿಸಿದ ಗೀರುಗಳಿಗೆ ಹೆದರಬೇಕಿಲ್ಲ, ಚೌಕಾಸಿಗೆ ಉಪಯೋಗಕ್ಕೆ ಬರುತ್ತವೆ.

ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದಾಗ ನಡುಮಧ್ಯ ಕಟ್ ಎಂದು ಕೂತಂತಾದರೆ ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಫೋರ್ಕ್ ಕೆಳಗೆ ಒತ್ತಿ ಬಿಟ್ಟಾಗ ರಾಡ್ ಮೇಲೆ ಎಣ್ಣೆಯ ಉಂಗುರ ಉಳಿದರೆ ಸೀಲ್ ಹೋಗಿದೆ. ಸೀಲ್ ಬದಲಿಸಬಹುದು, ಆದರೆ ರಾಡ್ ಮೇಲೆ ಉಗುರಿಗೆ ಸಿಗುವಂಥ ಗುಳಿಗಳಿದ್ದರೆ ಹೊಸ ಸೀಲ್ ಕೂಡ ಬಾಳುವುದಿಲ್ಲ. ನಮ್ಮ ರಸ್ತೆಯ ಗುಂಡಿಗಳಿಗೆ ರಿಮ್ ಬೆಂಡಾಗುವುದು ಬಹಳ ಸಾಮಾನ್ಯ, ಚಕ್ರ ತಿರುಗಿಸಿ ಅಂಚಿನ ಎದುರು ಒಂದು ಪೆನ್ ಹಿಡಿದರೆ ತಿಳಿಯುತ್ತದೆ.

ಚೈನನ್ನು ಹಿಂದಿನ ಸ್ಪ್ರಾಕೆಟ್‌ನ ಹಿಂಬದಿಯಿಂದ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಚೈನ್, ಸ್ಪ್ರಾಕೆಟ್ ಕಿಟ್ ಬದಲಿಸಬೇಕು. ಹಿಂದಿನ ಚಕ್ರ ತಿರುಗಿಸುತ್ತಾ ನಾಲ್ಕು ಕಡೆ ಸಡಿಲ ಅಳೆಯಿರಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇದ್ದರೂ ಅದೇ ಕಥೆ.

ಟೈರ್ ಬದಿಯಲ್ಲಿ DOT ಗುರುತಿನ ಕೊನೆಯ ನಾಲ್ಕು ಅಂಕಿ ಓದಿ. 2319 ಇದ್ದರೆ 2019ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ್ದರೆ ಗ್ರೂವ್ ಎಷ್ಟೇ ಇರಲಿ ಬದಲಿಸಿ. ಟೈರ್ ಅಳತೆ ಮುಂದೆ 120/70, ಹಿಂದೆ 190/50, ಎರಡೂ 17 ಇಂಚು. ಒಳ್ಳೆಯ ಟೂರಿಂಗ್ ಜೋಡಿಗೆ 40 ಸಾವಿರದ ಆಸುಪಾಸು ಆಗುತ್ತದೆ, ಅದನ್ನು ಬೆಲೆಯಲ್ಲೇ ಕಳೆಯಿರಿ.

ಮಲ್ಟಿಮೀಟರ್ ತೆಗೆದುಕೊಂಡು ಹೋಗಿ. ಎಂಜಿನ್ ಆಫ್ ಇದ್ದಾಗ ಬ್ಯಾಟರಿ 12.5 ವೋಲ್ಟ್‌ಗಿಂತ ಮೇಲಿರಬೇಕು, 4,000 ಆರ್‌ಪಿಎಂನಲ್ಲಿ 14ರ ಹತ್ತಿರ ಬರಬೇಕು. 13 ದಾಟದಿದ್ದರೆ ಅಥವಾ 15 ಮೀರಿದರೆ ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್ ಕಡೆ ನೋಡಬೇಕು. ಇನ್ನು ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ. ಕೀ ಆನ್ ಮಾಡಿದಾಗ ಉರಿಯಬೇಕು, ಗಾಡಿ ಕೊಂಚ ಚಲಿಸಿದ ಮೇಲೆ ಆರಬೇಕು. ಆರದಿದ್ದರೆ ದೋಷ, ಉರಿಯದೇ ಇದ್ದರೆ ಯಾರೋ ಕೈಯಾಡಿಸಿದ್ದಾರೆ.

ಓಡಿಸಲು ಕೊಟ್ಟರೆ ಆರನೇ ಗೇರಿನಲ್ಲಿ ಥ್ರಾಟಲ್ ಜೋರಾಗಿ ತಿರುಗಿಸಿ. ವೇಗ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಜಾರುತ್ತಿದೆ. ಎರಡನೇ ಗೇರಿನಲ್ಲೂ ಅದೇ ರೀತಿ ಎಳೆಸಿ, ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯಬಾರದು. ಮುಂದಿನ ಬ್ರೇಕ್ ಹಿಡಿದಾಗ ಲಿವರ್ ಮಿಡಿದರೆ ಡಿಸ್ಕ್ ಬೆಂಡು.

ಬೇರೆ ಸೈಲೆನ್ಸರ್ ಹಾಕಿಸಿದ್ದರೆ ಕಂಪನಿಯದ್ದನ್ನು ಕೇಳಿ ಪಡೆಯಿರಿ. ಕೊಡಲಾಗದವರ ಗಾಡಿ ಬೇಡ ಎಂದೇ ನನ್ನ ಸಲಹೆ. ಪೊಲೀಸರ ದಂಡ ಒಂದು ಕಡೆ, ಎಂಜಿನ್ ಮ್ಯಾಪಿಂಗ್ (ಇಂಧನ ನಿಯಂತ್ರಣದ ಸೆಟ್ಟಿಂಗ್) ಏನು ಮಾಡಿದ್ದಾರೋ ತಿಳಿಯದ ತಲೆನೋವು ಇನ್ನೊಂದು ಕಡೆ. ಕೊಂಡ ಕೂಡಲೇ, ಹಿಂದಿನವರು ಏನೇ ಹೇಳಿರಲಿ, ಎಂಜಿನ್ ಆಯಿಲ್ (10W-40, ಬೈಕಿನ ಕ್ಲಚ್‌ಗೆ ಹೊಂದುವ ಜಾಸೋ MA2 ದರ್ಜೆ), ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ (ಡಾಟ್ 4 ದರ್ಜೆ) ಬದಲಿಸಿಬಿಡಿ. ಬೆಲೆಯ ಹೊರತಾಗಿ ಒಂದು ಲಕ್ಷ ಕೈಯಲ್ಲಿಟ್ಟುಕೊಂಡೇ ಇಂಥ ಗಾಡಿಗೆ ಕೈಹಾಕಬೇಕು.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾನು ನೋಡಿರುವುದು ಪುದುಚೇರಿ ನಂಬರ್. ಬೆಲೆ ಒಂದು ಲಕ್ಷ ಕಮ್ಮಿ. ತಗೋಬಹುದಾ?

ಉತ್ತರ (ಆರ್‌ಟಿಒ ಕಾಗದಪತ್ರದ ಕೆಲಸ ಮಾಡುವವರು): ಆ ಒಂದು ಲಕ್ಷ ಉಳಿಯುವುದಿಲ್ಲ. ಕರ್ನಾಟಕದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಬೆಲೆಯ ಹೊಸ ದ್ವಿಚಕ್ರ ವಾಹನಕ್ಕೆ ಜೀವಾವಧಿ ತೆರಿಗೆ 18%. ಹೊರರಾಜ್ಯದ ಹಳೆಯ ಗಾಡಿಗೆ ವಯಸ್ಸಿನ ಪ್ರಕಾರ ಇದು ಇಳಿಯುತ್ತದೆ, ಆದರೂ ಈ ಬೆಲೆಯ ಬೈಕಿಗೆ ಮೊತ್ತ ಚಿಕ್ಕದಲ್ಲ. ಅಲ್ಲಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಬೇಕು, ಇಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್ ಪಡೆಯಬೇಕು. ಅಲ್ಲಿ ಕಟ್ಟಿದ ತೆರಿಗೆಯ ವಾಪಸಾತಿಗೆ ಅಲ್ಲಿಗೇ ಬೇರೆ ಅರ್ಜಿ. ಮಾರುವವರೇ ಎನ್‌ಒಸಿ ತಂದುಕೊಟ್ಟರೆ ಮಾತ್ರ ಮುಂದುವರಿಯಿರಿ.

ಕೆಎ ನಂಬರಿನದಾದರೂ ಮಾಲೀಕತ್ವ ವರ್ಗಾವಣೆಯ ಫಾರಂ 29ಕ್ಕೆ ಮಾರುವವರು, ಫಾರಂ 30ಕ್ಕೆ ಇಬ್ಬರೂ ಸಹಿ ಹಾಕಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ್ದಕ್ಕೆ ಆ ಹೆಸರು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಇಲ್ಲದೆ ಪೂರ್ತಿ ಹಣ ಕೊಡಬೇಡಿ. ಬಾಕಿ ಚಲನ್‌ಗಳನ್ನು ಆನ್‌ಲೈನ್‌ನಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ. ಚಾಸಿಸ್ ನಂಬರ್ ಆರ್‌ಸಿಯೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನ ಇದೆ. ಥರ್ಡ್ ಪಾರ್ಟಿ ಭಾಗ ಗಾಡಿಯ ಜೊತೆ ಬರುತ್ತದೆ, ಆದರೆ ನಿಮ್ಮ ಗಾಡಿಗಾದ ನಷ್ಟದ ಭಾಗ ಹೆಸರು ಬದಲಾಗದೆ ಸಿಗುವುದಿಲ್ಲ. ಎನ್‌ಸಿಬಿ (ಕ್ಲೇಮ್ ಮಾಡದೇ ಇದ್ದುದಕ್ಕೆ ಸಿಗುವ) ರಿಯಾಯಿತಿ ಹಳೆಯ ಮಾಲೀಕರದ್ದು, ನಿಮಗೆ ಬಾರದು.

ಉತ್ತರ (ರೈಡಿಂಗ್ ತರಬೇತುದಾರರು): ಮೊದಲ ಪ್ರಶ್ನೆಯ ಉಳಿದ ಭಾಗಕ್ಕೆ ಬರುತ್ತೇನೆ. 1,043 ಸಿಸಿ, 142 ಪಿಎಸ್. ಮೊದಲ ಗೇರಿನಲ್ಲೇ 100 ದಾಟುತ್ತದೆ. ಆದರೆ ಹೊಸಬರು ಇದನ್ನು ಬೀಳಿಸುವುದು ಹೆಚ್ಚಾಗಿ ಗಂಟೆಗೆ 5 ಕಿ.ಮೀ. ವೇಗದಲ್ಲಿ, ಪಾರ್ಕಿಂಗ್‌ನಲ್ಲಿ, ಪೆಟ್ರೋಲ್ ಬಂಕಿನ ತಿರುವಿನಲ್ಲಿ. ಟ್ಯಾಂಕ್ ತುಂಬಿದರೆ ತೂಕ 230 ಕಿಲೋ ದಾಟುತ್ತದೆ, ಹ್ಯಾಂಡಲ್ ನಿಮ್ಮ ಕ್ಲಾಸಿಕ್‌ನಷ್ಟು ತಿರುಗುವುದಿಲ್ಲ. ಹ್ಯಾಂಡಲ್ ಪೂರ್ತಿ ತಿರುಗಿದ್ದಾಗ ಮುಂದಿನ ಬ್ರೇಕ್ ಮುಟ್ಟಿದಿರೋ, ಗಾಡಿ ಮಗುಚಿತು.

ಆದ್ದರಿಂದ ಹೆದ್ದಾರಿಗೆ ಮೊದಲು ಖಾಲಿ ಮೈದಾನ. ಪವರ್ ಮೋಡ್ L ಇಡಿ, ಸುಮಾರು 70% ಶಕ್ತಿ ಮಾತ್ರ ಸಿಗುತ್ತದೆ. ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ 2ರಲ್ಲಿರಲಿ, ಮಳೆಯಿದ್ದರೆ 3. ಮೊದಲ ಗೇರಿನಲ್ಲಿ ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕ್ ಹಗುರಾಗಿ ಒತ್ತಿಕೊಂಡೇ ನಡಿಗೆಯ ವೇಗದಲ್ಲಿ ನೇರ ಹೋಗಿ. ನಂತರ ಎಂಟರ ಆಕಾರ. ನೋಟ ಮುಂದಿನ ಚಕ್ರದ ಮೇಲಲ್ಲ, ತಿರುಗಿ ಹೋಗಬೇಕಾದ ಜಾಗದ ಮೇಲೆ. ಇದು ಕೈಗೆ ಹತ್ತಿದ ಮೇಲೆ ಬ್ರೇಕ್ ಅಭ್ಯಾಸ. 40ರಿಂದ, ಆಮೇಲೆ 60ರಿಂದ, ನೇರ ರಸ್ತೆಯಲ್ಲಿ ಮುಂದಿನ ಲಿವರ್ ಹಿಂಡುತ್ತಾ ಹೋಗಿ. ಕಸಕ್ಕನೆ ಕಿತ್ತು ಹಿಡಿಯಬೇಡಿ. ಮೊದಲ ಕ್ಷಣದಲ್ಲಿ ಫೋರ್ಕ್ ಇಳಿದು ತೂಕ ಮುಂದಿನ ಟೈರಿಗೆ ಬರಲಿ, ಬಳಿಕ ಎಷ್ಟು ಬೇಕಾದರೂ ಹಿಂಡಬಹುದು. ಕ್ಲಾಸಿಕ್ ಓಡಿಸಿದವರ ಕಾಲು ಹಿಂದಿನ ಬ್ರೇಕಿನ ಮೇಲೇ ಇರುತ್ತದೆ, ಇಲ್ಲಿ ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನದು.

ಹೆದ್ದಾರಿಯಲ್ಲಿ ಮೋಸ ಮಾಡುವುದು ಸದ್ದಿಲ್ಲದ ಎಂಜಿನ್. 80 ಎಂದುಕೊಂಡಾಗ ಮೀಟರ್ 120 ತೋರಿಸುತ್ತಿರುತ್ತದೆ. ನೀವು ಹುಬ್ಬಳ್ಳಿಯವರು, ಅಂಕೋಲಾ ಕಡೆ ಹೋಗಿಯೇ ಹೋಗುತ್ತೀರಿ. ಅರಬೈಲ್ ಘಾಟಿಯ ತಿರುವಿಗೆ ಮುನ್ನ ಮೀಟರ್ ನೋಡಿಯೇ ವೇಗ ಇಳಿಸಿ, ಗೇರ್ ಇಳಿಸುವುದೂ ನೇರದಲ್ಲೇ ಮುಗಿಯಲಿ. ಲಾರಿಗಳ ಡೀಸೆಲ್ ಚೆಲ್ಲಿರುವುದು ತಿರುವುಗಳಲ್ಲೇ, ಅದರ ಮೇಲೆ ಯಾವ ಎಲೆಕ್ಟ್ರಾನಿಕ್ಸ್ ಕೂಡ ಹಿಡಿತ ಹುಟ್ಟಿಸುವುದಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ 1ರಿಂದ ದ್ವಿಚಕ್ರಕ್ಕೆ ಪ್ರವೇಶವಿಲ್ಲ, 1,000 ಸಿಸಿ ಎಂದರೂ ಬಿಡುವುದಿಲ್ಲ.

ಮನೆಯವರನ್ನು ಕೂರಿಸುವುದು ಆಮೇಲಿನ ಮಾತು, ಎಂಟರ ಆಕಾರ ಕಾಲೂರದೆ ಬರುವವರೆಗೂ ಬೇಡ. ಕೂರಿಸುವಾಗ ಹಿಂದಿನ ಸಸ್ಪೆನ್ಷನ್‌ನ ಪ್ರೀಲೋಡ್ (ಸ್ಪ್ರಿಂಗ್ ಬಿಗಿತ) ನಾಬ್ ಬಿಗಿ ಮಾಡಿ. ಕೈಯಲ್ಲೇ ತಿರುಗುತ್ತದೆ, ಸ್ಪ್ಯಾನರ್ ಬೇಡ. ಗಾಳಿ ಮುಂದೆ 36, ಹಿಂದೆ 42 ಪಿಎಸ್‌ಐ, ತಣ್ಣಗಿರುವಾಗ. ಬಂಕಿನ ಹುಡುಗರು 42 ಕೇಳಿದರೆ ಅನುಮಾನದಿಂದ ನೋಡುತ್ತಾರೆ, ನೋಡಲಿ. ಹತ್ತುವ ಮೊದಲು ಮನೆಯವರು ಹೇಳಬೇಕು, ನೀವು ಎರಡೂ ಕಾಲೂರಿ ಮುಂದಿನ ಬ್ರೇಕ್ ಹಿಡಿದಿರಬೇಕು.

ಮರುಪ್ರಶ್ನೆ (ಹುಬ್ಬಳ್ಳಿ): ತುಂಬಾ ಉಪಕಾರ ಆಯ್ತು. ಇನ್ನೆರಡು ಸಂದೇಹ. ಸೀಟಿನ ಎತ್ತರ ನನಗೆ ಆಗುತ್ತಾ? ಹಂಪ್‌ಗಳಿಗೆ ಕೆಳಗೆ ತಾಗುತ್ತಂತಲ್ಲ?

ಉತ್ತರ (ತರಬೇತುದಾರರು): ಈ ಮಾದರಿಯ ಸೀಟು 815 ಮಿ.ಮೀ. ನಿಮ್ಮ ಎತ್ತರಕ್ಕೆ ಎರಡೂ ಪಾದದ ಮುಂಭಾಗ ನೆಲಕ್ಕೆ ಸಿಗುತ್ತದೆ, ಸಾಕು. ನಿಲ್ಲಿಸುವಾಗ ಎಡಗಾಲು ಪೂರ್ತಿ ಊರಿ, ಬಲಗಾಲು ಬ್ರೇಕ್ ಮೇಲಿರಲಿ. ಇಳಿಜಾರಿನಲ್ಲಿ ಪಾರ್ಕ್ ಮಾಡುವಾಗ ಗೇರಿನಲ್ಲಿಟ್ಟೇ ಆಫ್ ಮಾಡಿ. ಮೂತಿ ಇಳಿಜಾರಿನ ಕೆಳಕ್ಕಿದ್ದರೆ ಹಿಂದಕ್ಕೆ ತಳ್ಳಿ ತೆಗೆಯುವುದು ಒಬ್ಬರ ಕೆಲಸವಲ್ಲ.

ಉತ್ತರ (ಮೆಕ್ಯಾನಿಕ್): ಹಂಪ್ ವಿಷಯ ನಾನು ಹೇಳುತ್ತೇನೆ. ನೆಲದಿಂದ ಅಂತರ 130 ಮಿ.ಮೀ. ಹತ್ತಿರ, ಮೊದಲು ತಾಗುವುದು ಸೈಲೆನ್ಸರ್ ಪೈಪುಗಳ ಭಾಗ. ಬ್ರೇಕ್ ಹಿಡಿದುಕೊಂಡೇ ಹಂಪ್ ಏರಿದರೆ ಫೋರ್ಕ್ ಕುಗ್ಗಿರುತ್ತದೆ, ತಾಗುವುದು ಖಂಡಿತ. ಹಂಪ್‌ಗೆ ಮೊದಲೇ ವೇಗ ಇಳಿಸಿ, ಬ್ರೇಕ್ ಬಿಟ್ಟು, ಫೋರ್ಕ್ ಎದ್ದ ಮೇಲೆ ಹತ್ತಿಸಿ. ಸೀಟಿನಿಂದ ಸ್ವಲ್ಪ ಎದ್ದರೆ ಇನ್ನೂ ಒಳ್ಳೆಯದು. ಹಳ್ಳಿಗಳವರು ತಾವೇ ಹಾಕಿಕೊಂಡ ಚೂಪು ಹಂಪ್ ಇದ್ದರೆ ಓರೆಯಾಗಿ ದಾಟಿ, ಹಿಂದೆ ವಾಹನ ಇಲ್ಲವೆಂದು ನೋಡಿಕೊಂಡು. ಇಬ್ಬರಿದ್ದಾಗ ಪ್ರೀಲೋಡ್ ಏರಿಸಿದರೆ ಅಂತರವೂ ಉಳಿಯುತ್ತದೆ, ಆದರೆ ಒಬ್ಬರೇ ಹೋಗುವಾಗ ಇಳಿಸಲು ಮರೆತರೆ ಕಾಲು ನೆಲಕ್ಕೆ ಎಟುಕುವುದು ಕಷ್ಟವಾಗುತ್ತದೆ.

ನೀವು ಕೇಳದಿದ್ದರೂ ಇನ್ನೊಂದು. ಟ್ರಾಫಿಕ್‌ನಲ್ಲಿ ತಾಪ 100 ಡಿಗ್ರಿ ದಾಟಿ ಫ್ಯಾನ್ ಶುರುವಾದರೆ ಗಾಬರಿಯಾಗಬೇಡಿ, ಅದು ಅದರ ಕೆಲಸ. ಕಾಲಿಗೆ ಬಿಸಿ ಗಾಳಿ ಬಡಿಯುತ್ತದೆ, ರೈಡಿಂಗ್ ಪ್ಯಾಂಟ್ ಇದ್ದರೆ ತಡೆಯಬಹುದು. ಫ್ಯಾನ್ ಶುರುವಾಗದೆ ತಾಪ ಏರುತ್ತಲೇ ಹೋದರೆ ಮಾತ್ರ ಪಕ್ಕಕ್ಕೆ ನಿಲ್ಲಿಸಿ ಆಫ್ ಮಾಡಿ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ತೆರೆಯಲೇಬೇಡಿ. ಮೊದಲು ಫ್ಯಾನ್‌ನ ಫ್ಯೂಸ್ ನೋಡಿ, ಗಾಡಿ ತಣ್ಣಗಾದ ಮೇಲೆ ಬದಿಯ ಟ್ಯಾಂಕಿನಲ್ಲಿ ಕೂಲೆಂಟ್ ಮಟ್ಟ ನೋಡಿ.