ಹಳೆಯ ಕನ್ನಡ ಬ್ಲಾಗುಗಳಲ್ಲಿನ ‘ನಾನು’: ಅಧ್ಯಯನಕ್ಕೆ ಸಂಗ್ರಹಿಸುವುದು ಹೇಗೆ?

ಪ್ರಶ್ನೆ
2006ರಿಂದ 2013ರವರೆಗಿನ ಕನ್ನಡ ಬ್ಲಾಗಿಗರು ತಮ್ಮನ್ನು ಹೇಗೆ ಪರಿಚಯಿಸಿಕೊಂಡರು ಎನ್ನುವುದು ಅಧ್ಯಯನದ ವಿಷಯ. ಪಟ್ಟಿಯಲ್ಲಿರುವುದು 30 ಬ್ಲಾಗ್‌ಸ್ಪಾಟ್ ಬ್ಲಾಗುಗಳು. ಬರಹಗಳನ್ನು ಕಾಪಿ ಮಾಡಿ ವರ್ಡ್ ಫೈಲಿಗೆ ಹಾಕಿಟ್ಟರೆ ಸಾಕೇ? ಕೆಲವು ಕೊಂಡಿಗಳು ತೆರೆಯುತ್ತಲೇ ಇಲ್ಲ, ಅವನ್ನು ಕೈಬಿಡಬೇಕೇ?

ಉತ್ತರ 1
ಕೈಬಿಡುವ ಮೊದಲು ವಿಳಾಸದ ಬಾಲ ನೋಡಿ. 2012ರಲ್ಲಿ ಗೂಗಲ್ ಭಾರತದ ಓದುಗರನ್ನು ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ಗೆ ತಿರುಗಿಸಲು ಶುರುಮಾಡಿತು. ಆಮೇಲೆ ಜನ ಹಂಚಿಕೊಂಡ ಎಷ್ಟೋ ಕೊಂಡಿಗಳು ‘ಇನ್’ ಬಾಲದವೇ. 2020ರಲ್ಲಿ ಆ ಡೊಮೇನ್ ಗೂಗಲ್‌ನ ಕೈತಪ್ಪಿತು. ‘ಇನ್’ ತೆಗೆದು ‘ಕಾಮ್’ ಹಾಕಿ. ಬ್ಲಾಗನ್ನು ಮಾಲೀಕರೇ ಅಳಿಸಿರದಿದ್ದರೆ ತೆರೆದುಕೊಳ್ಳುತ್ತದೆ. ಹಳೆಯ ವೆಬ್ ಪುಟಗಳ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್ ತಾಣದಲ್ಲೂ ಎರಡೂ ವಿಳಾಸ ಕೊಟ್ಟು ಹುಡುಕಿ, ಒಂದೇ ಬ್ಲಾಗಿನ ಪ್ರತಿಗಳು ಎರಡು ಕಡೆ ಹಂಚಿಹೋಗಿರಬಹುದು.

ಇನ್ನೊಂದು ಎಡವಟ್ಟು ಫೈಲಿನ ಹೆಸರಿನದು. ತಲೆಬರಹ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ (ಬ್ಲಾಗ್‌ಸ್ಪಾಟ್ ಬ್ಲಾಗುಗಳನ್ನು ನಡೆಸುವ ಗೂಗಲ್ ಸೇವೆ) ವಿಳಾಸದಲ್ಲಿ ಬರೀ ‘ಬ್ಲಾಗ್-ಪೋಸ್ಟ್’ ಎಂದು ಹಾಕಿ, ಬೇಕಾದರೆ ಪಕ್ಕದಲ್ಲೊಂದು ಸಂಖ್ಯೆ ಸೇರಿಸುತ್ತದೆ. ಬೇರೆ ಬೇರೆ ತಿಂಗಳಲ್ಲಿ ಅದೇ ಹೆಸರು ಮರಳಿ ಬರುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಇಳಿಸಿದರೆ ಒಂದರ ಮೇಲೊಂದು ಕೂತು ಹಳೆಯದು ಅಳಿಸಿಹೋಗುತ್ತದೆ. ಬ್ಲಾಗಿನ ಹೆಸರು, ವರ್ಷ, ತಿಂಗಳು ಸೇರಿಸಿ ಉಳಿಸಿ.

ಉತ್ತರ 2
ವರ್ಡ್ ಫೈಲು ಸಾಲದು. ನಿಮ್ಮ ವಿಷಯಕ್ಕೆ ಬರಹದಷ್ಟೇ ಮುಖ್ಯವಾದದ್ದು ಪಕ್ಕದ ಪಟ್ಟಿ: ‘ನನ್ನ ಬಗ್ಗೆ’, ಫೋಟೊ, ಅಡಿಬರಹ, ‘ನಾನು ಓದುವ ಬ್ಲಾಗುಗಳು’. ಕಾಪಿ ಮಾಡುವಾಗ ಮೊದಲು ಉದುರುವುದು ಇವೇ. ಬ್ಲಾಗರ್‌ನಲ್ಲಿ ಟೆಂಪ್ಲೇಟು, ಪರಿಚಯ ಬದಲಿಸಿದರೆ ಹಳೆಯ ಪುಟಗಳೂ ಹೊಸ ವೇಷ ತೊಡುತ್ತವೆ. 2007ರ ಬರಹದ ಪಕ್ಕ ಇವತ್ತು ಕಾಣುವ ‘ಲೇಖಕ, ಅಂಕಣಕಾರ’ ಎಂಬ ಪರಿಚಯ 2007ರದ್ದು ಎಂದುಕೊಂಡರೆ ಪ್ರಬಂಧದ ವಾದವೇ ಕುಸಿಯುತ್ತದೆ.

ಹಾಗಾಗಿ ಪ್ರತಿ ಬ್ಲಾಗಿಗೂ ವರ್ಷಕ್ಕೊಂದರಂತೆ ಮುಖಪುಟದ ವೇಬ್ಯಾಕ್ ಪ್ರತಿ ತೆಗೆದು, ಪರಿಚಯದ ಸಾಲುಗಳನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಅಲ್ಲಿಯೂ ಎಚ್ಚರ ಬೇಕು, ಪುಟ ಒಂದು ದಿನದ್ದು, ಅದರೊಳಗಿನ ಚಿತ್ರ ಇನ್ನೊಂದು ದಿನದ್ದು ಆಗಿರಬಹುದು. ವೇಬ್ಯಾಕ್ ಪುಟದ ಮೇಲ್ತುದಿಯ ಪಟ್ಟಿಯಲ್ಲಿ ‘ಅಬೌಟ್ ದಿಸ್ ಕ್ಯಾಪ್ಚರ್’ (ಈ ಪ್ರತಿಯ ಬಗ್ಗೆ) ಎಂಬುದನ್ನು ತೆರೆದರೆ ಪ್ರತಿ ಭಾಗದ ಸಮಯವೂ ಸಿಗುತ್ತದೆ. ಕಮೆಂಟುಗಳನ್ನು ಬಿಡಲೇಬೇಡಿ. ಬ್ಲಾಗಿಗರು ತಮ್ಮ ಬಗ್ಗೆ ಪರಿಚಯದಲ್ಲಿ ಹೇಳದ್ದನ್ನು ಅಲ್ಲಿ ಉತ್ತರ ಕೊಡುವಾಗ ಹೇಳಿಬಿಡುತ್ತಾರೆ.

ಉತ್ತರ 3
ಪದಗಳನ್ನು ಎಣಿಸುವ ಯೋಚನೆ ಇದ್ದರೆ: ‘ಬ್ಲಾಗ್‌ಗಳು’ ಎಂಬಲ್ಲಿ ಗಕಾರ ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ. ಕಂಪ್ಯೂಟರಿಗೆ ಅವು ಎರಡು ಪದ. ‘ಕೋ’ದಂಥ ಅಕ್ಷರವೂ ಒಂದೇ ಸ್ವರಚಿಹ್ನೆಯಾಗಿ ಅಥವಾ ತುಂಡುತುಂಡಾಗಿ ದಾಖಲಾಗಿರಬಹುದು. ಮೂಲವನ್ನು ಮುಟ್ಟದೆ ಇನ್ನೊಂದು ಪ್ರತಿ ಮಾಡಿ, ಅದನ್ನು ಎನ್‌ಎಫ್‌ಸಿ ರೂಪಕ್ಕೆ (ತುಂಡಾಗಿರುವ ಅಕ್ಷರಗಳನ್ನು ಒಂದೇ ಬಗೆಯಲ್ಲಿ ಕೂಡಿಸುವ ಯೂನಿಕೋಡ್ ಕ್ರಮ) ತಂದು, ಕಾಣದ ಸಂಕೇತಗಳನ್ನು ತೆಗೆದು ಎಣಿಸಿ. ‘ನುಡಿ’, ‘ಬರಹ’ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಪಠ್ಯ ಸಿಕ್ಕರೆ ಯೂನಿಕೋಡ್ ಪರಿವರ್ತಕಕ್ಕೆ ಹಾಕಿದ ಮೇಲೆ ಕಣ್ಣಾಡಿಸಿ, ನಡುವೆ ಇದ್ದ ಇಂಗ್ಲಿಷ್ ಪದಗಳು ಕನ್ನಡ ಅಕ್ಷರಗಳ ಕಲಸುಮೇಲೋಗರ ಆಗಿರುತ್ತವೆ.

ಪ್ರಶ್ನೆ ಕೇಳಿದವರು
ಧನ್ಯವಾದ. ಹಲವರು ಗುಪ್ತನಾಮದಲ್ಲಿ ಬರೆದಿದ್ದಾರೆ. ಹೆಸರು ಬಿಟ್ಟು ಸಾಲುಗಳನ್ನು ಉದ್ಧರಿಸಬಹುದೇ?

ಉತ್ತರ 2
ಹೆಸರು ಬಿಟ್ಟರೂ ಆ ಸಾಲನ್ನು ಗೂಗಲ್‌ಗೆ ಹಾಕಿದರೆ ಬ್ಲಾಗು ಎದುರಿಗೆ ಬಂದು ನಿಲ್ಲುತ್ತದೆ. ಪ್ರಬಂಧ ಇಂಗ್ಲಿಷಿನಲ್ಲಿದ್ದರೆ ಅನುವಾದವೇ ಅರ್ಧ ಪರದೆ, ಕನ್ನಡದಲ್ಲಿ ಬರೆಯುವವರಿಗೆ ಆ ಅನುಕೂಲವಿಲ್ಲ. ಜಾತಿ, ದಾಂಪತ್ಯ, ಕಾಯಿಲೆ, ಕೆಲಸದ ಜಾಗದ ಮಾತಿದ್ದರೆ ಸಾರಾಂಶವನ್ನಷ್ಟೇ ಕೊಡಿ, ಇಲ್ಲವೇ ಇಮೇಲ್ ಮಾಡಿ ಒಪ್ಪಿಗೆ ಕೇಳಿ. ಅಂತರ್ಜಾಲ ಸಂಶೋಧಕರ ಸಂಘದ 2019ರ ನೈತಿಕ ಮಾರ್ಗಸೂಚಿ ಓದಿಕೊಳ್ಳಿ. ಬರೆದವರೇ ಅಳಿಸಿದ ಬ್ಲಾಗು ವೇಬ್ಯಾಕ್‌ನಲ್ಲಿ ಸಿಕ್ಕರೆ, ಒಪ್ಪಿಗೆ ಇಲ್ಲದೆ ಒಂದು ಸಾಲನ್ನೂ ಉದ್ಧರಿಸಬೇಡಿ.